ಮುಷ್ಕರದೊಳಗೆ ವಿಲೀನವಾದ ಶಾಲೆ

ಹುಣಸೇದೊಡ್ಡಿಯ ಸರ್ಕಾರಿ ಶಾಲೆಯ ಲತಾಮಣಿ ಮೇಡಂಗೆ ಒಂದು ಕೆಟ್ಟ ಚಾಳಿಯಿತ್ತು. ಮೇಲಿನವರು ಯಾರು ಏನು ಹೇಳಿದರೂ 'ಆಯ್ತು ಸಾರ್' ಎಂದುಬಿಡುವುದು. ದನ ಎಣಿಸಿ ಎಂದರು. ಬೈರಮಂಗಲದ ಕೆರೆಯಂಗಳದಲ್ಲಿ ಎಮ್ಮೆಗಳ ಹಿಂದೆ ಅಲೆದು ಎಣಿಸಿದಳು. ಪೋಲಿಯೋ ಹನಿ ಹಾಕಿ ಎಂದರು; ಹಾಕಿದಳು. ಊರಲ್ಲಿ ಯಾರ ಮನೆಗೆ ಕಕ್ಕಸಿದೆ, ಯಾರ ಮನೆಗಿಲ್ಲ, ನೋಡಿ ಬನ್ನಿ ಎಂದರು. ಮೂಗು ಮುಚ್ಚಿಕೊಂಡು ಅದನ್ನೂ ನೋಡಿ ಬಂದಳು. ಇಷ್ಟರ ನಡುವೆ ಬಿಡುವು ಸಿಕ್ಕಾಗ ನಾಲ್ಕು ತರಗತಿಗಳಿಗೂ ಒಬ್ಬಳೇ ಪಾಠ ಹೇಳುತ್ತಿದ್ದಳು. ಪಾಠ ಹೇಳುವುದೂ ಅವಳ ಕೆಲಸಗಳಲ್ಲೊಂದು ಎಂಬುದು ಇಲಾಖೆಗೆ ನೆನಪಿತ್ತೋ ಇಲ್ಲವೋ, ಆ ದೇವರಿಗೇ ಗೊತ್ತು.

ಆಗಿನ್ನೂ ರಾಮನಗರ ಹೊಸದಾಗಿ ಜಿಲ್ಲೆಯಾಗಿತ್ತು. ಬಿಡದಿ ಕಡೆಯಿಂದ ಕಾರ್ಖಾನೆಗಳ ಕಾಂಪೌಂಡು ಒಂದೊಂದೇ ಊರನ್ನು ಒಳಗೆ ಹಾಕಿಕೊಳ್ಳುತ್ತ ಬರುತ್ತಿತ್ತು. ಹುಣಸೇದೊಡ್ಡಿಯಲ್ಲಿ ಹೊಲ ಕೊಟ್ಟು ಪರಿಹಾರ ಪಡೆದವರೆಲ್ಲ ಮಕ್ಕಳಿಗೆ ಟೈ ಕಟ್ಟಿ, ಹಳದಿ ವ್ಯಾನು ಹತ್ತಿಸಿ ಕಾನ್ವೆಂಟಿಗೆ ಕಳಿಸಿದರು. ಕೊಡಲು ಹೊಲವೇ ಇಲ್ಲದಿದ್ದವರ ಹದಿಮೂರು ಮಕ್ಕಳು ಲತಾಮಣಿಯ ಪಾಲಿಗೆ ಉಳಿದರು. ಮಕ್ಕಳು ಕಡಿಮೆ, ಖರ್ಚು ಹೆಚ್ಚು ಎಂದು ಸರ್ಕಾರ ಇಂಥ ಶಾಲೆಗಳನ್ನು ಮುಚ್ಚಿ ಪಕ್ಕದೂರಿನ ಶಾಲೆಯೊಂದಿಗೆ ವಿಲೀನ ಮಾಡಲು ಹೊರಟಿತ್ತು. ಪಕ್ಕದೂರಿನ ಶಾಲೆಯಿದ್ದದ್ದು ಮೈಸೂರು ರಸ್ತೆಯ ಆಚೆ ಮಗ್ಗುಲಲ್ಲಿ. ನಡುವೆ ಹಗಲಿಡೀ ಕಂಟೇನರ್ ಲಾರಿಗಳ ಓಟ.

ನಾಲ್ಕನೇ ತರಗತಿಯ ಅಮೂಲ್ಯಳ ಅಜ್ಜಿ ಕಡ್ಡಿ ಮುರಿದಂತೆ ಹೇಳಿದ್ದಳು: "ಆ ರೋಡ್ ದಾಟ್ಕಂಡು ಹೋಗ್ಬೇಕು ಅಂದ್ರೆ ನಮ್ ಮಗೀಗೆ ಇಸ್ಕೂಲೇ ಬ್ಯಾಡ ಬುಡಿ ಮೇಡಮ್ಮಾರೆ."

ಉಳಿದವರ ಮನೆಗಳಲ್ಲೂ ಅದೇ ಮಾತು. ಶಾಲೆ ಹೋದ ದಿನವೇ ಈ ಮಕ್ಕಳ ಓದೂ ಹೋಗುತ್ತದೆ ಎಂದು ಲತಾಮಣಿಗೆ ಗೊತ್ತಿತ್ತು.

ಹೀಗಿರುವಾಗ ಅವಳಿಗೆ ಒಂದೇ ದಿನ ಎರಡು ಫೋನು ಬಂದವು. ಮೊದಲನೆಯದು ಕೂಟಗಲ್ಲಿನ ಗಣಿತದ ಮೇಷ್ಟ್ರು ಶಿವಕುಮಾರ್ ಅವರದು. ಶಿಕ್ಷಕರ ಸಂಘದ ಮುಂದಾಳು ಅವರೇ.

"ಬುಧವಾರ ರಾಮನಗರದಲ್ಲಿ ಮುಷ್ಕರ ಮೇಡಂ. ಖಾಲಿ ಹುದ್ದೆ ತುಂಬ್ಬೇಕು, ಶಾಲೆ ಮುಚ್ಚಬಾರ್ದು, ಈ ಎಣಿಸೋ ಚಾಕರಿ ನಮಗೆ ಬೇಡ. ಒಬ್ರೇ ಇರೋ ಶಾಲೆ ಪಾಡೇನು ಅಂತ ನೀವೇ ಬಂದು ಹೇಳ್ಬೇಕು."

"ಆಯ್ತು ಸಾರ್" ಎಂದಳು ಲತಾಮಣಿ.

ಎರಡನೆಯದು ಶಾಲಾ ವಿಲೀನದ ವಿಶೇಷಾಧಿಕಾರಿ ನರಸಯ್ಯನವರದು. "ಬುಧವಾರ ಹಠಾತ್ ತಪಾಸಣೆಗೆ ಬರ್ತಿದೀನಮ್ಮ. ಹೇಳದೆ ಬರ್ಬೇಕು, ಆದ್ರೆ ಹೋದ್ಸಲ ಹೇಳದೆ ಬಂದಾಗ ನೀವು ಎಮ್ಮೆ ಎಣಿಸಕ್ಕೆ ಹೋಗಿದ್ರಿ. ಅವತ್ತು ಶಾಲೆ ನಡೀತಾ ಇರ್ಬೇಕು. ಇಲ್ಲದಿದ್ರೆ ಅವತ್ತೇ ವಿಲೀನ."

"ಆಯ್ತು ಸಾರ್."

ಫೋನಿಟ್ಟ ಮೇಲೆ ತಲೆಯ ಮೇಲೆ ಕೈ ಹೊತ್ತು ಕುಳಿತಳು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತಾಯಿತು ಅವಳ ಸ್ಥಿತಿ. ಮುಷ್ಕರಕ್ಕೆ ಹೋಗದಿದ್ದರೆ ಶಾಲೆಗೆ ಇನ್ನೊಬ್ಬ ಮೇಷ್ಟ್ರು ಎಂದೂ ಬರುವುದಿಲ್ಲ. ಹೋದರೆ ಶಾಲೆಯೇ ಇರುವುದಿಲ್ಲ. ಬೇರೆ ಯಾರಾದರೂ ಆಗಿದ್ದರೆ ಒಂದು ಕಡೆ 'ಆಗಲ್ಲ' ಎನ್ನುತ್ತಿದ್ದರು. ಅದೊಂದು ಮಾತಿಗೆ ಅವಳ ನಾಲಿಗೆ ಹೊರಳುತ್ತಿರಲಿಲ್ಲ. ಕೊನೆಗೆ ಅವಳಿಗೆ ಕಂಡದ್ದು ಒಂದೇ ದಾರಿ: ಶಾಲೆಯನ್ನೇ ಮುಷ್ಕರಕ್ಕೆ ಕರೆದುಕೊಂಡು ಹೋಗುವುದು.

ಬುಧವಾರ ಬೆಳಿಗ್ಗೆ ಊರಿನ ದಾಸಪ್ಪನ ಟೆಂಪೋ ರಾಮನಗರದ ಮಾರ್ಕೆಟ್ಟಿಗೆ ರೇಷ್ಮೆಗೂಡು ಒಯ್ಯುತ್ತಿತ್ತು. ಗೂಡಿನ ಚೀಲಗಳ ನಡುವೆ ಮಕ್ಕಳು ಹತ್ತಿದರು. ಕರಿಹಲಗೆ ಹತ್ತಿತು, ಗಂಟೆ ಹತ್ತಿತು, ಹಾಜರಿ ಪುಸ್ತಕ ಹತ್ತಿತು. ಬಿಸಿಯೂಟದ ಹನುಮಂತಮ್ಮ ಸ್ಟೌವು, ಸಿಲಿಂಡರು, ಸಾರಿನ ಕೊಳಗ ಸಮೇತ ಬಂದು ನಿಂತಳು.

"ನೀನ್ಯಾಕಮ್ಮ?" ಎಂದಳು ಲತಾಮಣಿ.

"ಇಸ್ಕೂಲಿದ್ ಕಡೆ ಊಟ ಇರ್ಬೇಕು ಅಂತ ರೂಲ್ಸ್ ಐತೆ ಮೇಡಂ. ಇವತ್ತು ಬೇಯ್ಸಿಲ್ಲ ಅಂದ್ರೆ ನನ್ ಕೆಲ್ಸ ಹೋಯ್ತದೆ" ಎಂದು ಅವಳೂ ಹತ್ತಿದಳು. ಹೊರಡುವ ಮುನ್ನ ಲತಾಮಣಿ ಶಾಲೆಯ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದಳು: 'ಶಾಲೆ ರಾಮನಗರಕ್ಕೆ ಹೋಗಿದೆ. ಸಂಜೆ ಬರುತ್ತದೆ.'

ರಾಮನಗರದ ಶಾಮಿಯಾನದಡಿ ಜಿಲ್ಲೆಯ ಮೇಷ್ಟ್ರುಗಳೆಲ್ಲ ಸೇರಿ 'ಬೇಕೇ ಬೇಕು, ನ್ಯಾಯ ಬೇಕು' ಎಂದು ಗಂಟಲು ಹರಿದುಕೊಳ್ಳುತ್ತಿದ್ದರು. ಲತಾಮಣಿ ಸದ್ದಿಲ್ಲದೆ ಒಂದು ಮೂಲೆಗೆ ಹೋಗಿ ಹಲಗೆ ಒರಗಿಸಿ ಗಂಟೆ ಬಾರಿಸಿದಳು.

ಅದೇ ಎಡವಟ್ಟಾದದ್ದು. ಗಂಟೆಯ ಸದ್ದು ಕಿವಿಗೆ ಬಿದ್ದದ್ದೇ ತಡ, ಅಷ್ಟೂ ಮೇಷ್ಟ್ರುಗಳು ಘೋಷಣೆಯನ್ನು ಬಾಯಲ್ಲೇ ಬಿಟ್ಟು ಎದ್ದು ನಿಂತರು. ಮಕ್ಕಳು ಪ್ರಾರ್ಥನೆ ಹೇಳಿದರು, ಅವರೂ ಹೇಳಿದರು. ಅದು ಮುಗಿದ ಮೇಲೂ ಯಾರೂ ಕೂರಲಿಲ್ಲ. ಎಲ್ಲರ ಕಣ್ಣೂ ಕರಿಹಲಗೆಯ ಮೇಲೆ. ಓಟು, ದನ, ರೇಷನ್ ಕಾರ್ಡು ಎಂದು ಬೀದಿ ಸುತ್ತಿ ಸುತ್ತಿ, ಪಾಠ ಮಾಡಿ ಯಾವ ಕಾಲವಾಯಿತೋ ಪಾಪ ಅವರಿಗೆ.

"ಮೇಡಂ, ಒಸಿ ಭಿನ್ನರಾಶಿ ಹೇಳ್ಕೊಡ್ಲಾ? ಒಂದೇ ಪೀರಿಯಡ್ಡು" ಎಂದು ಶಿವಕುಮಾರ್ ಮೇಷ್ಟ್ರು ಬಂದರು. ಕೈಯಲ್ಲಿದ್ದ ಮೈಕು ಅನಾಥವಾಯಿತು.

"ಅವ್ರಾದ್ಮೇಲೆ ನಂದು. ಎಲೆ ಬಗ್ಗೆ ಹೇಳ್ಬೇಕು" ಎಂದರು ಚನ್ನಪಟ್ಟಣದ ವಿಜ್ಞಾನದ ಮೇಷ್ಟ್ರು ರಸೂಲ್. ಆಗಲೇ ಬೇವಿನ ಕೊಂಬೆ ಮುರಿದುಕೊಂಡು ಬಂದಿದ್ದರು.

"ಏನ್ ಸಾರ್, ಹೆಂಗಸ್ರಿಗೆ ಚಾನ್ಸೇ ಇಲ್ವಾ?" ಎಂದು ಮಾಗಡಿಯ ಹಫೀಜಾ ಟೀಚರ್ ನಕ್ಷೆ ಹಿಡಿದು ನುಗ್ಗಿದರು. ಹಿಂದಿನಿಂದ ತಳ್ಳಾಟ. ರೇಷನ್ ಅಂಗಡಿ ಮುಂದಿನ ಹಾಗೆ ಸಾಲು. 'ನಂಗೊಂದು ಪದ್ಯ ಬುಡಿ', 'ನಂಗೆ ಬರೀ ಮಗ್ಗಿ ಸಾಕು' ಎಂದು ಕನಕಪುರದ ಕಡೆಯವರು ಗೋಗರೆದರು. ಮುಷ್ಕರ ಎಲ್ಲಿ ಹೋಯಿತೋ ಯಾರಿಗೂ ನೆನಪಿರಲಿಲ್ಲ.

ಶಿವಕುಮಾರ್ ಮೇಷ್ಟ್ರು ಗಾಡಿಯವನಿಂದ ಸೌತೆಕಾಯಿ ತಂದು ಅರ್ಧ ಮಾಡಿದರು, ಕಾಲು ಮಾಡಿದರು. "ಕಾಲು ಭಾಗ ತಿಂದ್ರೆ ಉಳಿದದ್ದೆಷ್ಟು?" ಎಂದಾಗ ಅಮೂಲ್ಯ ತಿಂದು ನೋಡಿ "ಮುಕ್ಕಾಲು" ಎಂದಳು. ಮೇಷ್ಟ್ರ ಕಣ್ಣಲ್ಲಿ ನೀರೇ ಬಂತು. "ಮುಕ್ಕಾಲರಲ್ಲಿ ಅರ್ಧ ಕಳೆಯೋದು ನಾಳೆ ಹೇಳ್ಕೊಡ್ತೀನಿ ಮಗಾ" ಎಂದರು. ಒಂದು ವಿಷಯಕ್ಕೆ ಒಬ್ಬರು ಮೇಷ್ಟ್ರಿರುತ್ತಾರೆ ಎಂಬುದನ್ನು ಆ ಹುಡುಗಿ ಹುಟ್ಟಿದ ಮೇಲೆ ಮೊದಲ ಬಾರಿ ಕಂಡಿದ್ದಳು. ಲತಾಮಣಿಯನ್ನು ಜಗ್ಗಿ, "ಮಿಸ್, ದಿನಾ ಸ್ಟ್ರೈಕ್ ಮಾಡಾನ ಮಿಸ್" ಎಂದಳು.

ಹನುಮಂತಮ್ಮನ ಸಾರು ಕುದಿಯುವ ಹೊತ್ತಿಗೆ ನರಸಯ್ಯನವರು ಬಂದರು. ಹುಣಸೇದೊಡ್ಡಿಗೆ ಹೋಗಿ, ಬಾಗಿಲ ಬರಹ ಓದಿ, ಶಾಲೆಯನ್ನು ಹುಡುಕಿಕೊಂಡು ಬಂದಿದ್ದರು. ಒಳ್ಳೆಯ ಮನುಷ್ಯ, ತೊಂದರೆಯೇ ಅದು. ಲಂಚ ಮುಟ್ಟಿದವರಲ್ಲ, ನಿಯಮ ಬಿಟ್ಟವರಲ್ಲ. ಮಕ್ಕಳನ್ನು ನೋಡಿದರು, ಗಂಟೆ ಮುಟ್ಟಿದರು, ಸಾರಿನ ರುಚಿ ನೋಡಿದರು.

"ಶಾಲೆ ನಡೀತಾ ಇದೆ, ಸರಿ. ಆದ್ರೆ ಹುಣಸೇದೊಡ್ಡೀಲಿ ಇಲ್ಲ. ಅಲ್ಲಿಲ್ಲ ಅಂದ್ಮೇಲೆ ವಿಲೀನ ಮಾಡ್ಲೇಬೇಕು" ಎಂದರು.

ಲತಾಮಣಿ ಹಾಜರಿ ಪುಸ್ತಕ ತೆಗೆದು ಅವರ ಮುಂದೆ ಹಿಡಿದಳು.

"ಎಲ್ಲಾ ವಿಷಯಕ್ಕೂ ಶಿಕ್ಷಕರಿರೋ ಶಾಲೆಗೆ ಸೇರಿಸ್ಬೇಕು ಅಂತ ನಿಯಮ" ಎಂದು ಅವರು ಸುತ್ತ ನೋಡಿದರು. "ನನ್ನ ಸರ್ವೀಸಲ್ಲಿ ಅಂಥ ಶಾಲೆ ನೋಡಿರೋದು ಇದೊಂದೇ. ಹುಣಸೇದೊಡ್ಡಿ ಶಾಲೇನ ಈ ಶಾಮಿಯಾನಕ್ಕೇ ವಿಲೀನ ಮಾಡಿದೀನಿ." ನಿಂತಲ್ಲೇ ಆದೇಶ ಬರೆದು ಮೊಹರು ಒತ್ತಿದರು.

ಶಾಮಿಯಾನ ಚಪ್ಪಾಳೆಯಿಂದ ಹಾರಿಹೋಗುವಂತಾಯಿತು. ಇನ್ನು ಆ ರಸ್ತೆ ದಾಟುವ ಗೋಜಿಲ್ಲ. ಮಕ್ಕಳು ದಿನಾ ದಾಸಪ್ಪನ ಟೆಂಪೋದಲ್ಲಿ ಬಂದರಾಯಿತು. ಗೆದ್ದೆವು ಎಂದು ಮೇಷ್ಟ್ರುಗಳು ಸಿಹಿ ಹಂಚಿದರು. ಲತಾಮಣಿಗೂ ಖುಷಿಯಾಯಿತು, ಸುಳ್ಳೇಕೆ? ಆ ಸಂಜೆ ಟೆಂಪೋದಲ್ಲಿ ಮಕ್ಕಳ ಜೊತೆ ಕೂತು ತಾನೂ ಮಗ್ಗಿ ಕೂಗಿದಳು.

ಮರುದಿನ ಬೆಳಿಗ್ಗೆ ಶಾಮಿಯಾನದಲ್ಲಿ ಪ್ರಾರ್ಥನೆ ಮುಗಿಯುತ್ತಲೇ ಇಲಾಖೆಯ ಕಚೇರಿಯ ಜವಾನ ಕೆಂಚಯ್ಯ ಒಂದು ಕಟ್ಟು ಕಾಗದ ಹಿಡಿದು ಬಂದ.

"ಏನಯ್ಯಾ ಅದು?" ಎಂದರು ಶಿವಕುಮಾರ್ ಮೇಷ್ಟ್ರು.

"ಇದು ಈಗ ಗವರ್ಮೆಂಟ್ ಇಸ್ಕೂಲು ಅಲ್ವಾ ಸಾ? ಹದಿಮೂರ್ ಮಕ್ಳಿಗೆ ಇಷ್ಟೊಂದ್ ಜನ ಮೇಷ್ಟ್ರು ಹೆಚ್ಚಾಯ್ತಂತೆ. ಹೆಚ್ಚಾದೋರೆಲ್ಲಾ ವೋಟರ್ ಲಿಸ್ಟ್ ಡ್ಯೂಟಿಗೆ ಹೋಗ್ಬೇಕಂತೆ, ಈಗ್ಲೇ. ಹೋಗ್ನಿಲ್ಲ ಅಂದ್ರೆ ಸಸ್ಪೆಂಡು."

ಮುಷ್ಕರ ನಿರತ ಶಿಕ್ಷಕರನ್ನು ಕಳಿಸುವುದು ಸರ್ಕಾರಕ್ಕೆ ಕಷ್ಟವಿತ್ತು. ಹೆಚ್ಚುವರಿ ಶಿಕ್ಷಕರನ್ನು ಕಳಿಸುವುದು ನೀರು ಕುಡಿದಷ್ಟು ಸುಲಭ. ಹೆಸರು ಕರೆದ ಹಾಗೆ ಒಬ್ಬೊಬ್ಬರೇ ಅಭ್ಯಾಸಬಲದಿಂದ 'ಹಾಜರ್' ಎಂದು ಎದ್ದು, ಕಾಗದ ಇಸಿದುಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದರು. ಹಫೀಜಾ ಟೀಚರ್ ಹೋದರು. ರಸೂಲ್ ಮೇಷ್ಟ್ರು ಬೇವಿನ ಎಲೆಗಳನ್ನು ಮಕ್ಕಳ ಕೈಗೆ ಕೊಟ್ಟು ಹೋದರು.

ಅಮೂಲ್ಯ ಶಿವಕುಮಾರ್ ಮೇಷ್ಟ್ರ ಬ್ಯಾಗು ಹಿಡಿದುಕೊಂಡಳು. "ಸಾ, ಅರ್ಧ ಕಳೆಯದು ಇವತ್ತು ಹೇಳ್ಕೊಡ್ತೀನಿ ಅಂದಿದ್ರಿ."

"ಎಲೆಕ್ಷನ್ ಆಗ್ಲಿ ಮಗಾ" ಎಂದರು ಅವರು. ಮುಖ ನೋಡದೆ ಬ್ಯಾಗು ಬಿಡಿಸಿಕೊಂಡರು.

ಕೆಂಚಯ್ಯ ಕೊನೆಯ ಕಾಗದವನ್ನು ಲತಾಮಣಿಯ ಮುಂದೆ ಹಿಡಿದ. "ನಿಮ್ದೂ ಸೇರ್ಕಂಡ್ಬುಟ್ಟೈತೆ ಮೇಡಂ. ಬೈರಮಂಗಲ."

"ನಾನೂ ಹೋದ್ರೆ ಮಕ್ಕಳನ್ನ ಯಾರು ನೋಡ್ತಾರೆ?"

"ಅಡ್ಗೆಯಮ್ಮ ಇಲ್ಲೇ ಅವ್ಳಲ್ಲ."

ಹನುಮಂತಮ್ಮ ಸೌಟು ಹಿಡಿದು ಪಿಳಿಪಿಳಿ ನೋಡಿದಳು. ಶಾಮಿಯಾನ ಖಾಲಿಯಾಗಿತ್ತು. ಕಾಲುಕಸವಾದ ಬ್ಯಾನರುಗಳ ಮುಂದೆ ಹದಿಮೂರು ಮಕ್ಕಳು ಸಾಲಾಗಿ ಕೂತು ಮೇಡಮ್ಮನ ಮುಖವನ್ನೇ ನೋಡುತ್ತಿದ್ದವು. ಲತಾಮಣಿಗೆ ಅಳು ಬಂತು, ಆಮೇಲೆ ಸಿಟ್ಟು ಬಂತು. ಅಷ್ಟು ವರ್ಷಗಳ ಎಮ್ಮೆ, ಕಕ್ಕಸು, ಓಟು, ರೇಷನ್ನು ಎಲ್ಲದರ ಸಿಟ್ಟೂ ಒಟ್ಟಿಗೇ ಗಂಟಲಿಗೆ ನುಗ್ಗಿತು. 'ಆಯ್ತು' ಎನ್ನಲು ತೆರೆದ ಬಾಯಿ ಹಾಗೇ ನಿಂತಿತು.

"ಹೋಗಲ್ಲ" ಎಂದಳು.

ಹೇಳಿದ್ದು ತಾನೇನಾ ಎಂದು ಅವಳಿಗೇ ನಂಬಿಕೆಯಾಗಲಿಲ್ಲ. ಆದರೆ ಮಕ್ಕಳಿಗೆ ಅನುಮಾನವಿರಲಿಲ್ಲ. ಮೇಡಂ ಹಲಗೆಯ ಮುಂದೆ ನಿಂತು ಒಂದು ಮಾತು ಹೇಳಿದರೆ ಅದು ಪಾಠ. ಪಾಠವೆಂದ ಮೇಲೆ ಹಿಂದೆಯೇ ಹೇಳಬೇಕು.

"ಹೋಗಲ್ಲಾ!" ಎಂದು ಹದಿಮೂರೂ ಗಂಟಲುಗಳು ಒಟ್ಟಿಗೆ ಕೂಗಿದವು.

ಕೆಂಚಯ್ಯ ಎರಡು ಹೆಜ್ಜೆ ಹಿಂದೆ ಸರಿದ. ಲತಾಮಣಿ ಕಣ್ಣೊರೆಸಿಕೊಂಡು, ಸರಿಯಾಗಿ ಕೇಳಿಸಲಿಲ್ಲವೇನೋ ಎಂಬಂತೆ ಮಕ್ಕಳ ಕಡೆ ತಿರುಗಿ, "ಇನ್ನೊಂದ್ಸಲ" ಎಂದಳು.