ಎರಡನೇ ಬ್ಯಾಚಿನವಳು

ಆ ದೇಶದ ಹಳೇ ದೇವಸ್ಥಾನಗಳ ಬಗ್ಗೆ ನನ್ನನ್ನು ಏನೂ ಕೇಳಬೇಡಿ. ಅವುಗಳ ಬಾಗಿಲಾಚೆ ಹಾಕಿರುವ ಬೆಂಚುಗಳ ಬಗ್ಗೆ ಬೇಕಾದರೆ ಕೇಳಿ, ಒಂದೊಂದನ್ನೂ ವರ್ಣಿಸುತ್ತೇನೆ. ಯಾವುದಕ್ಕೆ ನೆರಳಿತ್ತು, ಯಾವುದರ ಹಲಗೆ ಸೀಳಿ ಸೀರೆಗೆ ಸಿಕ್ಕಿಕೊಳ್ಳುತ್ತಿತ್ತು, ಎಲ್ಲಿ ಟೂರಿಸ್ಟ್ ಬಸ್ಸುಗಳ ಹೊಗೆ ನೇರ ಮುಖಕ್ಕೆ ಹೊಡೆಯುತ್ತಿತ್ತು, ಎಲ್ಲ ನನಗೆ ಬಾಯಿಪಾಠ. ಸಮುದ್ರ ದಾಟಿ ಹೋದವಳು ಬೆಂಚು ನೋಡಿಕೊಂಡು ಬಂದಳು ಅಂತ ನಗಬೇಡಿ. ನನಗಿನ್ನೂ ಸಿಟ್ಟು ಇಳಿದಿಲ್ಲ.

ಪ್ರವಾಸ ನನ್ನ ಹೆಸರಿನದೇ ಆಗಿತ್ತು. ಹೆರಿಗೆ ವಾರ್ಡಿಗೆ ಸಿಸ್ಟರ್ ಆಗಿ ಸೇರಿ, ಅದೇ ವಾರ್ಡಿನ ಹೆಡ್ ಸಿಸ್ಟರ್ ಆಗಿ ನಿವೃತ್ತಳಾದದ್ದಕ್ಕೆ ಗಂಡನ ಮನೆಯವರೆಲ್ಲ ಸೇರಿ ಕೊಟ್ಟ ಉಡುಗೊರೆ. ಭಾವ, ಅಂದರೆ ನನ್ನ ಗಂಡನ ಅಣ್ಣ, ನಡುಮನೆಯಲ್ಲಿ ನಿಂತು ಭಾಷಣವನ್ನೇ ಮಾಡಿದ್ದರು. ಜೀವಮಾನವೆಲ್ಲ ಇನ್ನೊಬ್ಬರ ಸೇವೆಯಲ್ಲಿ ಸವೆದ ಜೀವ, ಇನ್ನಾದರೂ ಆರಾಮಾಗಿ ನಾಲ್ಕು ಜಾಗ ನೋಡಲಿ ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಭಾವನೂ ಹೊರಟರು, ಅವರ ಹೆಂಡತಿಯೂ ಹೊರಟರು, ಹೇಗೂ ಸಿಸ್ಟರ್ ಜೊತೆಗಿರುತ್ತಾಳೆ ಅಂತ ಅತ್ತೆಯನ್ನೂ ಹೊರಡಿಸಿದರು. ಅತ್ತೆಯ ಮಂಡಿ ಸವೆದು ಗಾಲಿಕುರ್ಚಿಗೆ ಬಂದು ಬಹಳ ಕಾಲವಾಗಿತ್ತು. ಆ ಕುರ್ಚಿಯನ್ನು ಮಡಚುವುದು ಬಿಡಿಸುವುದು ಮನೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ನಾನು ಒಪ್ಪಿದ್ದು ಒಂದೇ ಒಂದು ಗೋಡೆಗೋಸ್ಕರ. ನಮ್ಮ ವಾರ್ಡಿನ ಔಷಧಿ ಬೀರುವಿನ ಬಾಗಿಲಿಗೆ ಹಳೇ ಕ್ಯಾಲೆಂಡರಿನ ಒಂದು ಚಿತ್ರ ಅಂಟಿಸಿತ್ತು, ನನಗಿಂತ ಮೊದಲಿದ್ದ ಯಾರೋ ಸಿಸ್ಟರ್ ಅಂಟಿಸಿದ್ದು. ಆ ದೇಶದ ಒಂದು ದೊಡ್ಡ ದೇವಸ್ಥಾನದ ಗೋಡೆಯ ಕೆತ್ತನೆ. ರಾಜರಿಲ್ಲ, ಯುದ್ಧವಿಲ್ಲ. ಒಬ್ಬ ಹೆಂಗಸು ಕುಕ್ಕರುಗಾಲಲ್ಲಿ ಕೂತು ಹೆರುತ್ತಿದ್ದಾಳೆ, ಅವಳ ಬೆನ್ನ ಹಿಂದೆ ಇನ್ನೊಬ್ಬಳು ನಿಂತು ಎರಡೂ ಕಂಕುಳಲ್ಲಿ ಕೈ ಹಾಕಿ ಹಿಡಿದಿದ್ದಾಳೆ. ಹೆರುವವಳ ಮುಖ ಚೆನ್ನಾಗಿ ಕಾಣುತ್ತಿತ್ತು. ಹಿಡಿದವಳ ಕೈ ಮಾತ್ರ ಕಾಣುತ್ತಿತ್ತು, ಕುತ್ತಿಗೆಯಿಂದ ಮೇಲೆ ಚಿತ್ರ ಮುಗಿದಿತ್ತು. ಕ್ಯಾಲೆಂಡರ್ ಮಾಡಿದ ಪುಣ್ಯಾತ್ಮನಿಗೆ ಅವಳ ತಲೆ ಬೇಕಿರಲಿಲ್ಲ.

ಇದು ನನಗೆ ಹೊಸದೇನಲ್ಲ. ಹೆತ್ತವಳನ್ನು ಎಲ್ಲರೂ ನೋಡುತ್ತಾರೆ, ಕೂಸನ್ನು ನೋಡುತ್ತಾರೆ, ಅಪ್ಪನ ಮೂಗು ತಾತನ ಕಿವಿ ಅಂತ ಹುಡುಕುತ್ತಾರೆ. ಹಿಡಿದುಕೊಂಡವಳು ಮಾರನೇ ವಾರ ಅಂಗಡಿಯಲ್ಲಿ ಪಕ್ಕದಲ್ಲೇ ನಿಂತರೂ ಗುರುತು ಸಿಗುವುದಿಲ್ಲ. ಆದರೆ ಕಲ್ಲಿನಲ್ಲಿ ಕೆತ್ತಿದವನು ಅವಳಿಗೊಂದು ಮುಖ ಕೊಟ್ಟೇ ಇರಬೇಕಲ್ಲ? ಔಷಧಿ ತೆಗೆಯಲು ಬೀರು ತೆರೆದಾಗಲೆಲ್ಲ ಆ ಮುಖ ಹೇಗಿರಬಹುದು ಅಂತ ಯೋಚಿಸಿದ್ದೆ. ಅದನ್ನು ನೋಡಬೇಕು ಅನ್ನುವುದು ಬಿಟ್ಟರೆ ನನಗೆ ಆ ದೇಶದಲ್ಲಿ ಬೇರೆ ಕೆಲಸವಿರಲಿಲ್ಲ.

ಬ್ಯಾಚಿನ ಕಥೆ ಶುರುವಾದದ್ದು ಮೊದಲನೇ ದೇವಸ್ಥಾನದಲ್ಲೇ, ಅದೂ ಒಂದು ಕೋತಿಯಿಂದ. ಅದು ನನ್ನ ಓರಗಿತ್ತಿಯ ಕೈಚೀಲ ಕಿತ್ತುಕೊಂಡು ಗೋಪುರ ಹತ್ತಿತು. ಚೀಲದಲ್ಲಿ ಪಾಸ್‌ಪೋರ್ಟು. ಓರಗಿತ್ತಿ ಕೆಳಗೆ ನಿಂತು ಅತ್ತರು, ಭಾವ ಕೋತಿಗೆ ಇಂಗ್ಲಿಷಿನಲ್ಲಿ ಬೈದರು. ಕೊನೆಗೆ ಯಾರೋ ಬಿಸ್ಕತ್ತಿನ ಪೊಟ್ಟಣ ಎಸೆದ ಮೇಲೆ ಚೀಲ ಕೆಳಗೆ ಬಿತ್ತು. ಅವತ್ತೇ ಭಾವ ಬಸ್ಸಿನಲ್ಲಿ ಎದ್ದು ನಿಂತು ಕಾನೂನು ಮಾಡಿದರು. ಯಾರೂ ಚೀಲ ಒಳಗೆ ಒಯ್ಯುವ ಹಾಗಿಲ್ಲ. ಚೀಲ, ಚಪ್ಪಲಿ ಎಲ್ಲ ಬೆಂಚಿನ ಹತ್ತಿರ ಗುಡ್ಡೆ ಹಾಕುವುದು, ಅರ್ಧ ಜನ ಒಳಗೆ, ಅರ್ಧ ಜನ ಕಾವಲು, ಆಮೇಲೆ ಅದಲುಬದಲು. ಬಸ್ಸಿನ ತುಂಬ ನಮ್ಮ ಭಾಷೆಯವರೇ, ಎಲ್ಲರಿಗೂ ಈ ಏರ್ಪಾಡು ಬಹಳ ಹಿಡಿಸಿತು. ಟೂರ್ ಮ್ಯಾನೇಜರನಂತೂ ತನ್ನ ತಲೆನೋವು ಕಡಿಮೆಯಾಯಿತೆಂದು ಭಾವನಿಗೆ ಲೀಡರ್ ಅಂತ ಹೆಸರೇ ಇಟ್ಟುಬಿಟ್ಟ.

ಏರ್ಪಾಡು ನಡೆದದ್ದು ಹೀಗೆ. ಮೊದಲ ಬ್ಯಾಚು ಹೊರಡುತ್ತಿತ್ತು. ನಾನು ಅತ್ತೆಗೆ ಮಾತ್ರೆ ಕೊಡುತ್ತಿದ್ದೆನಾದ್ದರಿಂದ ಸಹಜವಾಗಿ ಎರಡನೆಯದಕ್ಕೆ ಬೀಳುತ್ತಿದ್ದೆ. ಮೊದಲಿನವರು ಬೆವರೊರೆಸಿಕೊಂಡು ಬರುತ್ತಿದ್ದರು. ಎರಡನೆಯವರು ಧಡಕ್ಕನೆ ಎದ್ದು ಹೋಗುತ್ತಿದ್ದರು. ನಾನೂ ಏಳುವಷ್ಟರಲ್ಲಿ ಒಬ್ಬರಿಗೆ ತಲೆಸುತ್ತು, ಒಬ್ಬರಿಗೆ ಕಾಲಿನ ಗುಳ್ಳೆ, ಒಬ್ಬರಿಗೆ ಬಿಪಿ ನೋಡಿಸಿಕೊಳ್ಳುವ ಚಪಲ. ‘ಸಿಸ್ಟರ್, ಒಂದ್ನಿಮಿಷ’ ಅನ್ನುತ್ತಿದ್ದರು. ಬಂದವರು ನನ್ನನ್ನು ಕೂರಿಸಿ ತಾವು ಟೀ ಕುಡಿಯಲು ಹೋಗುತ್ತಿದ್ದರು. ಅತ್ತೆ ಬಂದವರನ್ನೆಲ್ಲ ತಪ್ಪದೆ ಕೇಳುತ್ತಿದ್ದರು, ಒಳಗೇನಿತ್ತಪ್ಪ ಅಂತ. ‘ಕಲ್ಲು ಅಮ್ಮ, ಬರೀ ಕಲ್ಲು’ ಅಂದುಬಿಡುತ್ತಿದ್ದರು. ಅತ್ತೆ ಹೂಂಗುಟ್ಟಿ ಕಣ್ಣು ಮುಚ್ಚುತ್ತಿದ್ದರು. ಮೊದಲೆರಡು ಕಡೆ ನಾನೂ ಹೋಗಲಿ ಬಿಡು ಅಂದುಕೊಂಡೆ. ಆಮೇಲಾಮೇಲೆ ಊರಿನವರ ಚಪ್ಪಲಿ ಕಾಯಲು ವಿಮಾನ ಹತ್ತಿ ಬರಬೇಕಿತ್ತಾ ಅಂತ ಮೈಯೆಲ್ಲ ಉರಿಯತೊಡಗಿತು.

ದೊಡ್ಡ ದೇವಸ್ಥಾನಕ್ಕೆ ಹೋಗುವ ಹಿಂದಿನ ದಿನ ಗಂಡನಿಗೆ ಹೇಳಿದೆ, ನಾಳೆ ನಾನು ಮೊದಲ ಬ್ಯಾಚು, ಅತ್ತೆ ಹತ್ತಿರ ನೀವಿರಿ ಅಂತ. ಆ ಗೋಡೆಯ ಕಥೆಯನ್ನೂ ಇನ್ನೊಮ್ಮೆ ಹೇಳಿದೆ. ಅವರು ಆರಕ್ಕೇರುವ ಮೂರಕ್ಕಿಳಿಯುವ ಮನುಷ್ಯರಲ್ಲ. ಫೋನ್ ನೋಡಿಕೊಂಡೇ, ಅದಕ್ಕೇನಂತೆ, ಹೋಗು ಅಂದರು. ನಾನು ಬೆಳಗ್ಗೆ ಇಸ್ತ್ರಿ ಮಾಡಿದ ಸೀರೆ ಉಟ್ಟೆ, ಓದುವ ಕನ್ನಡಕ ಮರೆಯದೆ ಸೆರಗಿಗೆ ಸಿಕ್ಕಿಸಿಕೊಂಡೆ.

ದೇವರು ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಬಸ್ಸಿಳಿದು ಗಾಲಿಕುರ್ಚಿ ಬಿಡಿಸುತ್ತಿರುವಾಗಲೇ ನಮ್ಮ ಗುಂಪಿನ ಒಬ್ಬ ಯಜಮಾನರು ಬಿಸಿಲಿಗೆ ಕುಸಿದು ಕೂತರು. ಕಾಲು ಮೇಲೆತ್ತಿಸಿ, ಮುಖ ಒರೆಸಿ, ಗುಟುಕು ಗುಟುಕಾಗಿ ನೀರು ಕುಡಿಸಿ ತಲೆಯೆತ್ತುವಷ್ಟರಲ್ಲಿ ಮೊದಲ ಬ್ಯಾಚು ಮಾಯವಾಗಿತ್ತು. ಅದರ ಜೊತೆ ನನ್ನ ಗಂಡನೂ. ನನ್ನ ಕಾಲ ಬುಡದಲ್ಲಿ ಚೀಲದ ಗುಡ್ಡೆ. ಸರಿ, ಎರಡನೆಯದರಲ್ಲಿ ಹೋದರಾಯಿತು ಅಂತ ಹಲ್ಲು ಕಚ್ಚಿ ಕೂತೆ. ಎರಡನೇ ಬ್ಯಾಚು ಎದ್ದಾಗ ಓರಗಿತ್ತಿ ತಮ್ಮ ಫೋಟೋ ಸರಿಯಾಗಿ ಬಂದಿಲ್ಲ, ಇನ್ನೊಮ್ಮೆ ಹೋಗಿ ಚಿಟಿಕೆ ಹೊಡೆಯುವುದರೊಳಗೆ ಬರುತ್ತೇನೆ, ನೀನೊಂದು ಕ್ಷಣ ಕೂತಿರು ಅಂದರು. ಆ ಕ್ಷಣ ಮುಗಿಯಲೇ ಇಲ್ಲ. ಎಲ್ಲರೂ ಹೊರಗೆ ಬಂದರು. ಮ್ಯಾನೇಜರ್ ಕೈ ತಟ್ಟಿ, ಎಲ್ಲರೂ ಬಸ್ ಹತ್ತಿ, ರೇಷ್ಮೆ ಅಂಗಡಿ ಮುಚ್ಚುವುದರೊಳಗೆ ಹೋಗಬೇಕು ಅಂದ.

ನಾನು ಒಳಗೆ ಹೋಗಬೇಕು ಅಂದೆ. ಭಾವ ಗಡಿಯಾರ ನೋಡಿಕೊಂಡರು. ಗ್ರೂಪ್ ಟೂರ್ ಅಂದಮೇಲೆ ಹೊಂದಿಕೊಂಡು ಹೋಗಬೇಕಮ್ಮ, ಒಬ್ಬೊಬ್ಬರೂ ಎರಡೆರಡು ಸಲ ನೋಡ್ತೀನಿ ಅಂದರೆ ಹೇಗೆ ಅಂದರು.

“ಎರಡು ಸಲ ಅಲ್ಲ ಭಾವ, ನಾನು ಒಂದು ಸಲವೂ ಹೋಗಿಲ್ಲ. ಇಲ್ಲಿ ಮಾತ್ರ ಅಲ್ಲ, ಯಾವ ದೇವಸ್ಥಾನಕ್ಕೂ ಹೋಗಿಲ್ಲ.”

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ನನ್ನ ಗಂಡ ಹುಬ್ಬು ಗಂಟಿಕ್ಕಿ, ಅದ್ಹೇಗೆ, ನೀನು ಎರಡನೇ ಬ್ಯಾಚಲ್ಲಿ ಹೋಗ್ತಿದ್ದೆಯಲ್ಲ ಅಂದರು. ಓರಗಿತ್ತಿ, ಅಯ್ಯೋ, ಬೇರೆ ಕಡೆಯೆಲ್ಲ ಎರಡನೆಯದರಲ್ಲಿ ನಾನಿರ್ತಿದ್ದೆ, ಇವಳು ಮೊದಲನೆಯದರಲ್ಲಿ ಹೋಗಿಬಂದಿರ್ತಾಳೆ ಅಂದ್ಕೊಂಡಿದ್ದೆ ಅಂದರು. ಇಷ್ಟು ದಿನ ಒಂದೇ ಬಸ್ಸು, ಒಂದೇ ಊಟದ ಮೇಜು. ನಾನು ಒಳಗೆ ಕಾಣಲಿಲ್ಲ ಅನ್ನುವುದು ಒಂದು ನರಪಿಳ್ಳೆಗೂ ಹೊಳೆದಿರಲಿಲ್ಲ, ನನ್ನನ್ನು ಕಟ್ಟಿಕೊಂಡ ಗಂಡನಿಗೂ ಹೊಳೆದಿರಲಿಲ್ಲ. ಬೇಕೆಂದೇ ಬಿಟ್ಟು ಹೋಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಆಗ ನನ್ನ ಗಂಡ, ಉರಿಯುವುದಕ್ಕೆ ತುಪ್ಪ ಸುರಿಯಲೆಂದೇ, ಫೋನ್ ತೆಗೆದರು. “ಬೇಜಾರು ಮಾಡ್ಕೋಬೇಡ. ನಿನ್ನ ಗೋಡೆ ಮರೆತಿಲ್ಲ ನಾನು. ನೋಡು, ಫೋಟೋ ಹೊಡೆಸಿಕೊಂಡು ಬಂದಿದ್ದೀನಿ. ನೋಡಿದ ಹಾಗೇ ಆಯ್ತಲ್ಲ.”

ಕನ್ನಡಕ ಹಾಕಿಕೊಂಡು ನೋಡಿದೆ. ಗೋಡೆ ಇತ್ತು. ಕುಕ್ಕರುಗಾಲಲ್ಲಿ ಕೂತವಳಿದ್ದಳು. ಕಂಕುಳಲ್ಲಿ ಕೈಗಳಿದ್ದವು. ಮೇಲೆ, ಹಿಡಿದವಳ ಮುಖ ಇರಬೇಕಾದ ಜಾಗದಲ್ಲಿ, ಟೋಪಿ ಹಾಕಿಕೊಂಡ ನನ್ನ ಗಂಡನ ತಲೆ ಹಲ್ಲು ಕಿರಿಯುತ್ತಿತ್ತು.

ನಾನು ಕೂಗಲಿಲ್ಲ. ಹೆರಿಗೆ ವಾರ್ಡಿನಲ್ಲಿ ಕೂಗಿ ಕೂಗಿ, ನಿಜವಾದ ಸಿಟ್ಟಿಗೆ ಕೂಗು ಬೇಕಾಗಿಲ್ಲ ಅಂತ ಕಲಿತವಳು ನಾನು. ಬಿಪಿ ಯಂತ್ರದ ಚೀಲ ತೆಗೆದು ಭಾವನ ಕುತ್ತಿಗೆಗೆ ಹಾಕಿದೆ. ಅತ್ತೆಯ ಕುರ್ಚಿಯ ಹಿಡಿಯನ್ನು ಗಂಡನ ಕೈಗೆ ಕೊಟ್ಟೆ. ಚಪ್ಪಲಿ ಬಿಟ್ಟೆ, ಆ ಗುಡ್ಡೆಗೇ ಎಸೆದೆ. ಹಿಂದಿನಿಂದ ಮ್ಯಾನೇಜರ್ ಮೇಡಂ ಮೇಡಂ ಅನ್ನುತ್ತಿದ್ದ. ಇಷ್ಟು ದಿನ ಸಿಸ್ಟರ್ ಆಗಿದ್ದವಳು ಬಿಟ್ಟು ಹೊರಟ ಕೂಡಲೇ ಮೇಡಂ ಆಗಿದ್ದೆ.

ಬಾಗಿಲಲ್ಲಿ ಕಾವಲಿನ ಹೆಂಗಸು ತಡೆದಳು. ಅವಳ ಭಾಷೆ ನನಗೆ ಬಾರದು, ನನ್ನದು ಅವಳಿಗೆ ಬಾರದು. ನಾನು ಅಲ್ಲೇ ಕುಕ್ಕರುಗಾಲಲ್ಲಿ ಕೂತು, ಎರಡೂ ಕೈ ಹೊಟ್ಟೆಯ ಮೇಲಿಟ್ಟು ತಿಣುಕಿ ತೋರಿಸಿದೆ. ಅವಳು ಮೊದಲು ಹೆದರಿದಳು, ಆಮೇಲೆ ಅರ್ಥವಾಗಿ ನಕ್ಕುಬಿಟ್ಟಳು. ಕೈ ಹಿಡಿದು ಎಬ್ಬಿಸಿ, ಕಂಬಗಳ ಸಾಲು ದಾಟಿಸಿ, ಎಡಕ್ಕೆ ತಿರುಗಿಸಿ ಗೋಡೆಯ ಮುಂದೆ ನಿಲ್ಲಿಸಿ ಹೋದಳು.

ಮುಖ ಇತ್ತು. ಕಣ್ಣಿಗೆ ಕಾಣುವ ಹಾಗೆ, ಮೂಗು ಬಾಯಿ ಎಲ್ಲ ಸರಿಯಾಗಿಯೇ ಇತ್ತು. ನಾನು ಇಷ್ಟು ವರ್ಷ ಅದನ್ನು ಶಾಂತವಾದ ಮುಖ ಅಂದುಕೊಂಡಿದ್ದೆ, ಅಮ್ಮನ ಹಾಗೆ, ದೇವತೆಯ ಹಾಗೆ. ಅದು ಹಾಗಿರಲಿಲ್ಲ. ಹುಬ್ಬು ಗಂಟಿಕ್ಕಿ, ಬಾಯಿ ಅಗಲಿಸಿ, ಕತ್ತು ಪಕ್ಕಕ್ಕೆ ತಿರುಗಿಸಿ ಅವಳು ಯಾರಿಗೋ ಬೈಯುತ್ತಿದ್ದಳು. ಬಿಸಿನೀರು ಎಲ್ಲಿ ಹಾಳಾಗಿ ಹೋಯಿತು ಅನ್ನುತ್ತಿರಬೇಕು. ಅಥವಾ ಬಾಗಿಲಲ್ಲಿ ಸುಮ್ಮನೆ ನಿಂತ ಗಂಡಸರಿಗೆ ಜಾಗ ಬಿಡಿ ಅನ್ನುತ್ತಿರಬೇಕು. ನಮ್ಮ ವಾರ್ಡಿನಲ್ಲಿ ಆ ಮುಖವನ್ನು ನಾನು ಹೊತ್ತುಕೊಂಡೇ ಓಡಾಡಿದ್ದೆ. ನಗು ಬಂತು, ಅದರ ಹಿಂದೆಯೇ ಅಳು ಬಂತು. ಸಿಟ್ಟಿಗೆ ಬಂದ ಅಳು, ಅದಕ್ಕೆ ಬೇರೆ ಹೆಸರು ಕೊಡಲಾರೆ. ಬೇಕಾದಷ್ಟು ಹೊತ್ತು ನಿಂತು ನೋಡಿದೆ.

ಹೊರಗೆ ಬಂದಾಗ ಎಲ್ಲರೂ ಬಸ್ಸಿನೊಳಗಿದ್ದರು. ರೇಷ್ಮೆ ಅಂಗಡಿ ತಪ್ಪಿತ್ತು. ಯಾರೂ ನನ್ನ ಮುಖ ನೋಡಲಿಲ್ಲ. ಭಾವ ಕುತ್ತಿಗೆಯ ಚೀಲ ಇನ್ನೂ ತೆಗೆದಿರಲಿಲ್ಲ. ಇಷ್ಟು ಜನ ಒಬ್ಬಳಿಗೋಸ್ಕರ ಕಾಯಬೇಕಾಯ್ತು ಅಂದರು.

“ಕಾಯೋದು ಹೇಗಿತ್ತು ಭಾವ?” ಅಂದೆ.

ಅವರು ಕಿಟಕಿಯ ಕಡೆ ತಿರುಗಿದರು. ನಾನು ಗೆದ್ದವಳ ಹಾಗೆ ಹೋಗಿ ಅತ್ತೆಯ ಪಕ್ಕ ಕೂತೆ. ಅತ್ತೆ ನನ್ನ ಕಡೆ ನೋಡಲಿಲ್ಲ. ಬಿಟ್ಟು ಹೋದೆ ಅಂತ ಸಿಟ್ಟಿರಬೇಕು, ಇರಲಿ, ಎಲ್ಲರಿಗೂ ಒಂದೊಂದು ದಿನ ಸಿಟ್ಟು ಬರಲಿ ಅಂದುಕೊಂಡೆ. ಸ್ವಲ್ಪ ಹೊತ್ತಾದ ಮೇಲೆ ಅವರೇ ಕೇಳಿದರು, ಒಳಗೇನಿತ್ತು ಅಂತ. ಹೇಳಿದೆ. ಹೆರುವವಳು, ಹಿಡಿದವಳು, ಬೈಯುವ ಬಾಯಿ ಎಲ್ಲ ಹೇಳಿದೆ. ಅವರು ಕಣ್ಣು ಮಿಟುಕಿಸದೆ ಕೇಳಿಸಿಕೊಂಡರು.

“ನನಗೆ ಇವರಿಬ್ಬರೂ ಹುಟ್ಟುವಾಗ ಹಿಡಿಯೋಕೆ ಯಾರೂ ಇರಲಿಲ್ಲ ಕಣೆ. ಕಿಟಕಿ ಸರಳು ಹಿಡ್ಕೊಂಡು ಹೆತ್ತೆ,” ಅಂದರು. ಆಮೇಲೆ ಮೆಲ್ಲಗೆ, “ನಾನೂ ಯಾವ ದೇವಸ್ಥಾನದ ಒಳಗೂ ಹೋಗಿಲ್ಲ. ಅವರಂತೂ ಕೇಳಲಿಲ್ಲ. ಪಕ್ಕದಲ್ಲೇ ಕೂತಿದ್ದೆಯಲ್ಲ, ನೀನು ಕೇಳಿದೆಯಾ?”

ಮಾತ್ರೆ ಕೇಳಿದ್ದೆ, ನೀರು ಕೇಳಿದ್ದೆ, ಒಂದಕ್ಕೆ ಹೋಗಬೇಕಾ ಅಂತ ಕೇಳಿದ್ದೆ. ಅವರ ಪ್ರಶ್ನೆಗೆ ಬರೀ ಕಲ್ಲು ಅಂತ ಉತ್ತರ ಬಂದಾಗಲೆಲ್ಲ ಪಕ್ಕದಲ್ಲೇ ಇದ್ದೆ. ನನ್ನನ್ನು ಮರೆತವರ ಮೇಲೆ ಇಷ್ಟು ದಿನ ಹಲ್ಲು ಕಡಿದವಳು ಅತ್ತೆಯನ್ನು ಆ ಚೀಲದ ಗುಡ್ಡೆಗೇ ಸೇರಿಸಿಬಿಟ್ಟಿದ್ದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು. ಆ ಸಿಟ್ಟು ಬೇರೆಲ್ಲ ಸಿಟ್ಟಿಗಿಂತ ಹೆಚ್ಚು ಸುಟ್ಟಿತು.

ಎದ್ದು ಬಸ್ಸಿನ ಮುಂಭಾಗಕ್ಕೆ ಹೋದೆ. ಮ್ಯಾನೇಜರನ ಕೈಯಿಂದ ಮೈಕು ತೆಗೆದುಕೊಂಡೆ. ಅದು ಬೇಕಿರಲಿಲ್ಲ, ಆದರೂ ತೆಗೆದುಕೊಂಡೆ.

“ನಾಳೆ ಬೆಳಗ್ಗೆ ಬಾಗಿಲು ತೆರೆಯೋ ಹೊತ್ತಿಗೆ ಈ ಬಸ್ಸು ವಾಪಸ್ ಇಲ್ಲಿರಬೇಕು. ಅಂಗಡಿ ಆಮೇಲೆ. ನಮ್ಮತ್ತೆ ಒಳಗೆ ಹೋಗಬೇಕು. ಮೆಟ್ಟಿಲು ಬಹಳ ಇದಾವೆ, ಕುರ್ಚಿ ಎತ್ತಿ ಇಳಿಸೋಕೆ ಗಂಡಸರು ಬೇಕು. ಯಾರ್ಯಾರು ಅಂತ ನೀವೇ ಬ್ಯಾಚ್ ಮಾಡ್ಕೊಳ್ಳಿ.”

ಮೊದಲು ಕೈ ಎತ್ತಿದವರು ಭಾವ. ಎತ್ತದೆ ಏನು ಮಾಡುತ್ತಾರೆ, ಅವರಮ್ಮ ಅವರನ್ನೇ ನೋಡುತ್ತಿದ್ದರು.