ಕೊಟ್ಟಿಗೆಯಲ್ಲಿ ಕಟ್ಟಿಸಿದ ಹಲ್ಲು

ಹಲ್ಲು ಉದುರಿದ ಮೇಲೆ ಲೋರೀನಳನ್ನು ಹೋಟೆಲಿನ ಮಾಲೀಕ ಡುವೇನ್, ಗಿರಾಕಿಗಳ ಕಣ್ಣಿಗೆ ಬೀಳದಂತೆ ಪಾತ್ರೆ ತೊಳೆಯುವ ಕೋಣೆಗೆ ತಳ್ಳಿದ್ದ. ಇಂದು ಅವಳು ಮತ್ತೆ ಮುಂದೆ ನಿಂತು ಕಾಫಿ ಸುರಿಯುತ್ತಿದ್ದಳು. ದನಗಳ ಪ್ರದರ್ಶನದ ಕೊಟ್ಟಿಗೆಯಲ್ಲಿ ಪುಕ್ಕಟೆ ಹಲ್ಲು ಕಟ್ಟುವ ಶಿಬಿರ ನಡೆದಿತ್ತು. ಕಾರಿನಲ್ಲೇ ಮಲಗಿ, ಸರದಿ ಕಾದು, ಹೊಸ ಸೆಟ್ಟು ಹಾಕಿಸಿಕೊಂಡು ಬಂದಿದ್ದಳು. ಸುಮ್ಮಸುಮ್ಮನೆ ನಗು ಉಕ್ಕುತ್ತಿತ್ತು.

ಚುನಾವಣೆ ಬಂತೆಂದರೆ ಅಮೆರಿಕದ ಓಹಾಯೋ ರಾಜ್ಯದ ಇಂಥ ಹೋಟೆಲುಗಳಿಗೆ ಟೀವಿಯವರು ನುಗ್ಗುವುದು ವಾಡಿಕೆ. ವರದಿಗಾರನೊಬ್ಬ ಅವಳ ಮುಂದೆ ಮೈಕು ಹಿಡಿದ.

"ನಾಲ್ಕು ವರ್ಷದ ಹಿಂದಿಗಿಂತ ಈಗ ಚೆನ್ನಾಗಿದೀರೋ, ಕೆಟ್ಟಿದೀರೋ? ಒಂದೇ ಮಾತಲ್ಲಿ ಹೇಳಿ ಮೇಡಂ."

"ಅವಳನ್ನ ಒಂದೇ ಮಾತಿಗೆ ನಿಲ್ಲಿಸೋ ಗಂಡಸು ಇನ್ನೂ ಹುಟ್ಟಿಲ್ಲ ಕಣಪ್ಪ" ಎಂದಳು ಒಲೆಯ ಮುಂದಿದ್ದ ಅಡುಗೆಯ ವಾಂಡಾ.

ಲೋರೀನ ನಕ್ಕಳು. ನಕ್ಕ ರಭಸಕ್ಕೆ ಮೇಲಿನ ಸೆಟ್ಟು ಹಾರಿ ವರದಿಗಾರನ ತಟ್ಟೆಯಲ್ಲಿದ್ದ ಸೇಬಿನ ಪೈ ತಿಂಡಿಯ ಮೇಲೆ ಕೂತಿತು. ಡುವೇನ್ ಪಾತ್ರೆ ಕೋಣೆಯ ಬಾಗಿಲ ಕಡೆ ಕೈ ತೋರಿಸಿದ.

ಲೋರೀನ ಕದಲಲಿಲ್ಲ. "ಈಗ ಕೆಟ್ಟಿದೀನಿ" ಎಂದಳು ಬೊಚ್ಚುಬಾಯಲ್ಲೇ. ಹಲ್ಲನ್ನು ನಲ್ಲಿಗೆ ಹಿಡಿದು ತೊಳೆದು ಹಾಕಿಕೊಂಡು, "ಈಗ ಚೆನ್ನಾಗಿದೀನಿ. ಇಷ್ಟು ದೊಡ್ಡ ದೇಶ, ನನ್ನ ಬಾಯಿಗೆ ಜಾಗ ಸಿಕ್ಕಿದ್ದು ದನದ ಕೊಟ್ಟಿಗೇಲಿ. ಅದನ್ನೂ ತೋರಿಸಪ್ಪ" ಎಂದಳು.

ಗಿರಾಕಿಗಳು ಬಿದ್ದು ಬಿದ್ದು ನಕ್ಕರು. ಬಾಯಿಗೆ ಕೈ ಅಡ್ಡ ಹಿಡಿಯುವುದನ್ನೂ ಮರೆತು ನಕ್ಕರು. ಆ ಬಾಯಿಗಳಲ್ಲಿ ಹಲ್ಲಿಗಿಂತ ಸಂದುಗಳೇ ಹೆಚ್ಚಿದ್ದವು.

"ಲೋರೀನಾ, ಇಲ್ಲಿಗೆ ಕಾಫಿ" ಎಂದು ಎಲ್ಲರೂ ಒಟ್ಟಿಗೇ ಲೋಟ ಎತ್ತಿದರು.

ಪಾತ್ರೆ ತೊಳೆಯಲು ಡುವೇನ್ ತಾನೇ ಒಳಗೆ ಹೋದ.