ನಿಮಿಷಕ್ಕೆ ಹದಿನೆಂಟು ಪದ

ನಮ್ಮೂರಿನ ಶಾಲೆಯಲ್ಲಿ ಮಕ್ಕಳ ಓದನ್ನು ಗಡಿಯಾರ ಹಿಡಿದು ಅಳೆಯುತ್ತಾರೆ. ವರ್ಷಕ್ಕೆರಡು ಸಲ ಒಬ್ಬೊಬ್ಬರನ್ನೇ ಮುಂದೆ ನಿಲ್ಲಿಸಿ, ಒಂದು ನಿಮಿಷದಲ್ಲಿ ಎಷ್ಟು ಪದ ಓದಿದರೆಂದು ಎಣಿಸಿ, ಪಟ್ಟಿ ಮಾಡಿ ಗೋಡೆಗೆ ಅಂಟಿಸುತ್ತಾರೆ. ನಾಲ್ಕನೆಯ ತರಗತಿಯ ಮಗು ತೊಂಬತ್ತು ಪದ ಓದಬೇಕು. ನನ್ನ ಮಗಳು ಜಿಬೆಕ್ ಹದಿನೆಂಟು ಓದುತ್ತಿದ್ದಳು.

ಅದೇ ಪಾಠವನ್ನು ನಾನು ಓದಿ ಹೇಳಿದರೆ ಒಂದು ಮಾತೂ ಬಿಡದೆ ತಿರುಗಿ ಹೇಳುತ್ತಿದ್ದಳು. ಲೆಕ್ಕವನ್ನು ಬಾಯಲ್ಲಿ ಕೇಳಿದರೆ ಎಲ್ಲರಿಗಿಂತ ಮೊದಲು ಅವಳದೇ ಉತ್ತರ. ಕಾಗದದ ಮೇಲೆ ಕೊಟ್ಟರೆ ಮುಗಿಯಿತು, ಅಕ್ಷರಗಳು ಒಂದರ ಮೇಲೊಂದು ಬೀಳುತ್ತವೆ ಎಂದು ಅಳುತ್ತಿದ್ದಳು. ಮೂರು ವರ್ಷ ಅವಳನ್ನು ಸೋಮಾರಿ ಎಂದು ನಾನೂ ಬೈದಿದ್ದೇನೆ. ಎರಡು ಸಲ ಹೊಡೆದೂ ಇದ್ದೇನೆ. ಕೊನೆಗೆ ಮಾರ್ಚ್ ತಿಂಗಳಲ್ಲಿ, ಕಣಿವೆ ದಾರಿಯ ಹಿಮ ಕರಗುತ್ತಿದ್ದಂತೆ, ಪಟ್ಟಣದಲ್ಲಿ ಮಕ್ಕಳ ಕಲಿಕೆಯನ್ನು ಪರೀಕ್ಷಿಸಿ ಹೇಳುವ ಆಯೋಗಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಐಗಾನಿಶ್ ಎಂಬ ತಜ್ಞೆ ಅರ್ಧ ದಿನ ಅವಳ ಜೊತೆ ಕೂತಿದ್ದು ಹೊರಗೆ ಬಂದರು.

"ಬುದ್ಧಿ ಚುರುಕಾಗಿದೆ ಕಣಮ್ಮ. ಅಕ್ಷರ ಹಿಡಿಯೋದು ಮಾತ್ರ ಇವಳಿಗೆ ಕಷ್ಟ. ಇದನ್ನ ಡಿಸ್ಲೆಕ್ಸಿಯ ಅಂತಾರೆ. ಬೈದು ಹೊಡೆದು ಹೋಗೋದಲ್ಲ."

ಒಂದು ಕಾಗದ ಬರೆದು ಮೊಹರು ಹಾಕಿ ಕೊಟ್ಟರು. ಜಿಬೆಕ್‌ಗೆ ಪ್ರಶ್ನೆಯನ್ನು ಓದಿ ಹೇಳಬೇಕು, ಉತ್ತರವನ್ನು ಬಾಯಲ್ಲಿ ಕೇಳಬೇಕು, ದಿನಕ್ಕೊಂದು ಗಂಟೆ ಬೇರೆ ಕೂರಿಸಿ ಕಲಿಸಬೇಕು, ಗಡಿಯಾರ ಹಿಡಿಯಬಾರದು. ಇಷ್ಟೇ. ಆ ಕಾಗದವನ್ನು ಎದೆಗೆ ಒತ್ತಿ ಹಿಡಿದುಕೊಂಡು ಊರಿಗೆ ಬಂದೆ.

ನಮ್ಮ ಶಾಲೆಯ ಮುಖ್ಯೋಪಾಧ್ಯಾಯರು ಬೇರೆ ಯಾರೂ ಅಲ್ಲ, ನನ್ನ ಗಂಡನ ಅಣ್ಣ. ಕಾಗದವನ್ನು ನೇರವಾಗಿ ಭಾವನ ಕೈಗೇ ಕೊಟ್ಟೆ. ಅವರು ಓದಿ, ಮಡಚಿ, ಜೇಬಿಗಿಟ್ಟುಕೊಂಡು ಜಿಬೆಕ್‌ಳ ತಲೆಯ ಮೇಲೆ ಕೈಯಿಟ್ಟರು. "ನಮ್ಮ ರಕ್ತ ಇವಳು. ನಾನಿಲ್ವಾ ನೋಡ್ಕೊಳ್ಳೋಕೆ" ಎಂದರು.

ಒಂದು ತಿಂಗಳು ಏನೂ ಆಗಲಿಲ್ಲ. ತರಗತಿಯ ಟೀಚರ್ ಬುರುಲ್ ಇನ್ನೂ ಚಿಕ್ಕ ಹುಡುಗಿ. ಕೇಳಿದರೆ ನೆಲ ನೋಡುತ್ತಾ, "ನನಗೆ ಸರ್ ಯಾವ ಕಾಗದಾನೂ ಕೊಟ್ಟಿಲ್ಲ ಅಕ್ಕ" ಎಂದಳು. ದೊಡ್ಡ ಮನುಷ್ಯರು, ನೂರು ಕೆಲಸ, ಮರೆತಿರಬೇಕು ಎಂದುಕೊಂಡೆ.

ಏಪ್ರಿಲ್ ಕೊನೆಗೆ ಭಾವ ತಾವೇ ಮನೆಗೆ ಬಂದರು. ನೆಲದ ಮೇಲೆ ಊಟದ ಬಟ್ಟೆ ಹಾಸಿದೆ. ಬಿಸಿ ರೊಟ್ಟಿ, ಕೆನೆ, ಏಪ್ರಿಕಾಟ್ ಮುರಬ್ಬ ಇಟ್ಟೆ. ಅವರು ರೊಟ್ಟಿ ಮುರಿದು ನಮಗೆಲ್ಲ ಹಂಚಿದರು, ಚಹಾ ಕುಡಿದರು, ಎರಡೂ ಅಂಗೈ ಎತ್ತಿ ಮನೆಯನ್ನು ಹರಸಿದರು. ಆಮೇಲೆ ರೊಟ್ಟಿಯ ಪಕ್ಕದಲ್ಲೇ ಒಂದು ಹಾಳೆ ಇಟ್ಟರು.

"ಜಿಬೆಕ್‌ಗೆ ಬೇರೆ ಪಾಠದ ವ್ಯವಸ್ಥೆ ಮಾಡ್ಸಿದೀನಿ. ಇಲ್ಲೊಂದು ರುಜು ಹಾಕು, ಸೊನುನ್."

ನಾನು ಓದು ಬರದವಳಲ್ಲ. ಅದೇ ಶಾಲೆಯಲ್ಲಿ ಹತ್ತು ವರ್ಷ ಕಲಿತಿದ್ದೇನೆ. ಆದರೆ ನಮ್ಮ ಮನೆಯ ರೊಟ್ಟಿ ಮುರಿದು ಹರಸಿದ ಹಿರಿಯರು ಇಟ್ಟ ಕಾಗದವನ್ನು ಅವರೆದುರೇ ಎತ್ತಿ ಓದುವುದೆಂದರೆ, ನೀವು ಕಳ್ಳರೇ ಎಂದು ಮುಖಕ್ಕೆ ಕೇಳಿದ ಹಾಗೆ. ನಮ್ಮಲ್ಲಿ ಯಾವ ಸೊಸೆಯೂ ಅದನ್ನು ಮಾಡುವುದಿಲ್ಲ. ಒಂದು ಕೈಯಲ್ಲಿ ಚಹಾದ ಪಾತ್ರೆ ಹಿಡಿದುಕೊಂಡೇ ರುಜು ಹಾಕಿದೆ. ಎದುರಿಗೆ ಕೂತಿದ್ದ ನನ್ನ ಗಂಡ ಆಗ ತಲೆ ಎತ್ತಲಿಲ್ಲ. ಅದನ್ನೂ ನಾನು ಗಮನಿಸಲಿಲ್ಲ.

ಮೇ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಹತ್ತಕ್ಕೇ ಜಿಬೆಕ್ ಚೀಲ ಹೊತ್ತು ಮನೆಗೆ ಬಂದಳು. "ನನ್ನ ಹೆಸರು ಕೂಗಲಿಲ್ಲಮ್ಮ. ಹಾಜರಿ ಪುಸ್ತಕದಲ್ಲಿ ಗೆರೆ ಎಳೆದಿದ್ದಾರೆ."

ಹಿಟ್ಟಿನ ಕೈಯಲ್ಲೇ ಶಾಲೆಗೆ ಓಡಿದೆ. ಬುರುಲ್ ಬಾಗಿಲಲ್ಲೇ ಸಿಕ್ಕಳು, ಕಣ್ಣು ಕೆಂಪಾಗಿತ್ತು. "ನೀವೇ ಒಪ್ಕೊಂಡು ರುಜು ಹಾಕಿದೀರಂತಲ್ಲ ಅಕ್ಕ. ಪಟ್ಟಣದ ವಸತಿ ಶಾಲೆಗೆ ಕಳಿಸ್ತಾರಂತೆ. ಆ ಬುದ್ಧಿಮಾಂದ್ಯ ಮಕ್ಕಳ ಶಾಲೆಗೆ."

ಭಾವನ ಕೋಣೆಯ ಬಾಗಿಲನ್ನು ನಾನು ತಟ್ಟಲಿಲ್ಲ.

"ಕೂತ್ಕೊ. ಮೊದ್ಲು ಕೈ ಒರೆಸ್ಕೊ" ಎಂದರು.

"ನನ್ನ ಮಗಳು ದಡ್ಡಿ ಅಂತ ಯಾರು ಬರೆದ್ರು?"

"ಯಾರೂ ಬರೆದಿಲ್ಲ. ತಾಯಿ ಇಷ್ಟಪಟ್ಟು ಕಳಿಸ್ತಾಳೆ ಅಂತಿದೆ, ನಿನ್ನ ರುಜು ಇದೆ. ನೋಡು, ಗುರುವಾರ ಜಿಲ್ಲೆಯಿಂದ ಓದಿನ ಪರೀಕ್ಷೆಗೆ ಬರ್ತಾರೆ. ಇರೋದೇ ಹನ್ನೊಂದು ಮಕ್ಕಳು. ಇವಳೊಬ್ಬಳಿಂದ ಇಡೀ ತರಗತಿಯ ಸರಾಸರಿ ಬಿದ್ದೋಗುತ್ತೆ. ಹೋದ ವರ್ಷಾನೂ ಜಿಲ್ಲೆಗೆ ನಾವೇ ಕೊನೆ."

"ಆಯೋಗದ ಕಾಗದ ಎಲ್ಲಿ?"

"ಅದೆಲ್ಲ ಪಟ್ಟಣದ ಮಾತು. ಒಂದು ಮಗುವಿಗೆ ದಿನಾ ಒಂದು ಗಂಟೆ ಕೊಡೋಕೆ ನನ್ನ ಹತ್ರ ಯಾರಿದಾರೆ? ಅಲ್ಲಿ ಊಟ, ಹಾಸಿಗೆ ಎಲ್ಲ ಇರುತ್ತೆ. ಅವಳಿಗೂ ಒಳ್ಳೇದು."

"ನಮ್ಮ ರೊಟ್ಟಿ ತಿಂದು ಈ ಕೆಲಸ ಮಾಡಿದ್ರಲ್ಲ ಭಾವ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಕೂಗಬೇಡ. ನಾನೇನು ಕದ್ದು ಮಾಡಿಲ್ಲ. ನಿನ್ನ ಗಂಡನಿಗೆ ಹೇಳೇ ಮಾಡಿದ್ದು."

ಮನೆಗೆ ಹೇಗೆ ಬಂದೆನೋ ಗೊತ್ತಿಲ್ಲ. ನನ್ನ ಗಂಡ ಹಿತ್ತಲಲ್ಲಿ ಕೂತು ಬಿತ್ತನೆಗೆ ಆಲೂಗಡ್ಡೆ ಹೆಚ್ಚುತ್ತಿದ್ದ.

"ನಿಮಗೆ ಗೊತ್ತಿತ್ತಾ?"

ಅವನು ಇನ್ನೊಂದು ಗಡ್ಡೆ ತೆಗೆದುಕೊಂಡು ಹೆಚ್ಚಿದ. "ಅಣ್ಣ ಹೇಳಿದ್ರು. ನಾನೇನು ಅನ್ಲಿ?"

"ಬೇಡ ಅನ್ನೋಕಾಗ್ಲಿಲ್ವಾ?"

"ಅಪ್ಪ ಹೋದ್ಮೇಲೆ ನನ್ನನ್ನ ಸಾಕಿದ್ದು ಯಾರು? ಅವರ ಮಾತಿಗೆ ಎದುರಾಡಿದೋನಲ್ಲ ನಾನು."

"ನಾನು ರುಜು ಹಾಕೋವಾಗ ಎದುರಿಗೇ ಕೂತಿದ್ರಿ. ಒಂದು ಸಲ ಕೆಮ್ಮಿದ್ರೂ ಸಾಕಾಗಿತ್ತು."

ಅವನು ಮುಂದಿನ ಗಡ್ಡೆಗೆ ಕೈ ಹಾಕಿದ. ಭಾವ ಮೋಸ ಮಾಡಿದ್ದಕ್ಕೆ ನನಗೆ ಬಂದಿದ್ದು ಸಿಟ್ಟು. ಇದಕ್ಕೆ ಸಿಟ್ಟೂ ಬರಲಿಲ್ಲ. ಹದಿನಾರು ವರ್ಷ ಈ ಮನುಷ್ಯನ ಬೆನ್ನಿಗೆ ಬೆನ್ನು ಕೊಟ್ಟು ಮಲಗಿದ್ದೇನೆ.

ಮರುದಿನ ಬೆಳಿಗ್ಗೆ ಜಿಬೆಕ್‌ಳನ್ನು ಕರೆದುಕೊಂಡು ಬಾಡಿಗೆ ಕಾರಿನಲ್ಲಿ ಇನ್ನಿಬ್ಬರ ಜೊತೆ ಇಕ್ಕಟ್ಟಾಗಿ ಕೂತು ಪಟ್ಟಣಕ್ಕೆ ಹೋದೆ. ಐಗಾನಿಶ್ ನಾನು ಹೇಳಿದ್ದನ್ನೆಲ್ಲ ಕೇಳಿ, ಕಪಾಟಿನಿಂದ ತಮ್ಮ ಕಾಗದದ ಪ್ರತಿ ತೆಗೆದರು.

"ನೀವು ಕೊಟ್ಟ ಒಪ್ಪಿಗೆ ನೀವೇ ವಾಪಸ್ ತಗೋಬಹುದು. ಬರೀರಿ. ಒಳಗೇನಿದೆ ಅಂತ ಹೇಳದೆ ರುಜು ಹಾಕ್ಸಿದ್ದು ಯಾರು ಅಂತ ಪೂರ್ತಿ ಹೆಸರು ಬರೀಬೇಕು."

ನಮ್ಮಲ್ಲಿ ಸೊಸೆಯಾದವಳು ಗಂಡನ ಅಣ್ಣನ ಹೆಸರನ್ನು ಬಾಯಿಗೆ ತರುವುದಿಲ್ಲ, ಬರೆಯುವುದೂ ಇಲ್ಲ. ಆ ಹೆಸರಿನ ಬೇರೆ ಯಾರಾದರೂ ಊರಲ್ಲಿದ್ದರೆ ಅವರನ್ನೂ ಬೇರೆ ಏನೋ ಕರೆಯುತ್ತೇವೆ. ಪೆನ್ನು ನನ್ನ ಕೈಯಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ನಿಂತಿತು.

"ಬರೆಯೋಕೆ ಬರಲ್ವಾ?" ಎಂದರು ಐಗಾನಿಶ್, ಮೆತ್ತಗೆ.

"ಚೆನ್ನಾಗೇ ಬರುತ್ತೆ" ಎಂದೆ. ಮಕ್ಸುತ್ ಝುನುಷೊವ್, ಮುಖ್ಯೋಪಾಧ್ಯಾಯರು, ಎಂದು ಬರೆದೆ. ಬರೆದದ್ದನ್ನೆಲ್ಲ ಗಟ್ಟಿಯಾಗಿ ಓದಿದೆ. ಇನ್ನು ನಾನು ಓದದೆ ರುಜು ಹಾಕುವವಳಲ್ಲ.

ಜಿಬೆಕ್ ನನ್ನ ತೋಳು ಹಿಡಿದಳು. "ಅಮ್ಮ, ನೀನು ದೊಡ್ಡಪ್ಪನ ಹೆಸರು ಹೇಳ್ಬಿಟ್ಟೆ."

"ಹೇಳ್ದೆ. ಬಾಯೇನೂ ಸುಡಲಿಲ್ಲ, ನೋಡು."

ಐಗಾನಿಶ್ ಆ ಕಾಗದವನ್ನು ಅಂದೇ ಜಿಲ್ಲೆಯ ಶಿಕ್ಷಣ ಕಚೇರಿಗೆ ಮುಟ್ಟಿಸಿದರು. ಬುಧವಾರ ಅಲ್ಲಿಂದ, ಜಿಬೆಕ್‌ಳನ್ನು ನಮ್ಮ ಶಾಲೆಯಲ್ಲೇ ಉಳಿಸಬೇಕೆಂದು ಆದೇಶ ಬಂತು. ಗುರುವಾರ ಜಿಬೆಕ್ ತನ್ನ ಜಾಗದಲ್ಲೇ ಕೂತಿದ್ದಳು. ಅವಳ ಸರದಿ ಬಂದಾಗ ಪರೀಕ್ಷೆಗೆ ಬಂದಿದ್ದವರು ಗಡಿಯಾರವನ್ನು ಜೇಬಿಗಿಟ್ಟು ತಾವೇ ಪಾಠ ಓದಿ ಹೇಳಿದರಂತೆ. ಏಳು ಪ್ರಶ್ನೆ ಕೇಳಿದರು, ಆರಕ್ಕೆ ಸರಿಯಾಗಿ ಉತ್ತರ ಹೇಳಿದಳು. ಭಾವ ಅಲ್ಲೇ ಕಿಟಕಿ ಪಕ್ಕ ನಿಂತಿದ್ದರೆಂದು ಬುರುಲ್ ಹೇಳಿದಳು. ದಿನದ ಒಂದು ಗಂಟೆಯನ್ನು ಅವಳೇ ಕೊಡುತ್ತಾಳೆ, ಶಾಲೆ ಬಿಟ್ಟ ಮೇಲೆ.

ಅಂದು ಸಂಜೆ ನನ್ನ ಗಂಡ ಒಗೆದ ಅಂಗಿ ಹಾಕಿಕೊಂಡು, ಬಿಳಿ ಟೋಪಿ ಇಟ್ಟುಕೊಂಡು ಬಂದು ನಿಂತ.

"ಅಣ್ಣ ಮನಸ್ಸು ತುಂಬ ನೋಯಿಸ್ಕೊಂಡಿದಾರೆ. ಊರಲ್ಲಿ ಅವರ ಮುಖ ಏನಾಗ್ಬೇಕು? ನಡಿ, ಇಬ್ರೂ ಹೋಗಿ ತಪ್ಪಾಯ್ತು ಅಂತ ಕೇಳ್ಕೊಂಡ್ಬಿಡೋಣ."

"ನಿಮ್ಮ ಮಗಳಿಗೆ ಇವತ್ತು ಪರೀಕ್ಷೆ ಇತ್ತು. ಹೇಗಾಯ್ತು ಅಂತ ಕೇಳಿದ್ರಾ?"

ಅವನು ಜಿಬೆಕ್ ಕಡೆ ನೋಡಿದ. ಅವಳು ಪುಸ್ತಕದಿಂದ ತಲೆ ಎತ್ತಿ, ಅಪ್ಪ ಏನು ಕೇಳುತ್ತಾನೋ ಎಂದು ಕಾದಳು. ಅವನು ಟೋಪಿಯ ಅಂಚು ಸರಿಮಾಡಿಕೊಂಡ.

"ತಡವಾಗುತ್ತೆ. ಬರ್ತೀಯೋ ಇಲ್ವೋ?"

"ನೀವು ಹೋಗಿ."

ಅವನು ಹೋದ. ನಾನು ಬಾಗಿಲು ಹಾಕಿದೆ, ಚಿಲಕ ಹಾಕಲಿಲ್ಲ. ಅವನಿಗಾಗಿ ಅಷ್ಟು ಮಾತ್ರ ಮಾಡಿದೆ. ಆಮೇಲೆ ಜಿಬೆಕ್ ಪಕ್ಕ ಕೂತು, ನಾಳಿನ ಪಾಠವನ್ನು ಮೊದಲಿನಿಂದ ಓದಿ ಹೇಳಿದೆ.